ಮೂರು ಸಲ ಕೇಳುವ ಮಾತು



ನಮ್ಮಲ್ಲಿ ಮದುವೆ ಅಂದರೆ ಒಂದು ಕರಾರು. ಅಗ್ನಿ ಇಲ್ಲ, ಸಪ್ತಪದಿ ಇಲ್ಲ, ಕನ್ಯಾದಾನ ಅನ್ನೋ ಮಾತೇ ಇಲ್ಲ. ಗಂಡು ಒಪ್ಪಬೇಕು, ಹೆಣ್ಣು ಒಪ್ಪಬೇಕು, ಇಬ್ಬರು ಸಾಕ್ಷಿಗಳು ಅದನ್ನು ಕಿವಿಯಾರೆ ಕೇಳಬೇಕು, ಗಂಡು ಹೆಣ್ಣಿಗೆ ಮೆಹರ್ ಕೊಡಬೇಕು. ಇಷ್ಟಾದರೆ ನಿಕಾಹ್ ಆಯಿತು. ದಲಿತ ಸಂಘರ್ಷ ಸಮಿತಿಯ ಗೆಳೆಯರು ಪುರೋಹಿತರನ್ನು ದೂರವಿಟ್ಟು, ಕುವೆಂಪು ಅವರ ಮಂತ್ರಮಾಂಗಲ್ಯದ ದಾರಿಯಲ್ಲಿ ಸರಳವಾಗಿ ಮದುವೆಯಾದಾಗೆಲ್ಲ ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳು. ಹಾಗೆ ತಟ್ಟುವಾಗ ಒಂದು ಸಂಕಟವೂ ಆಗುತ್ತಿತ್ತು. ಇದು ನಮ್ಮ ಮನೆಯಲ್ಲಿ ಸಾವಿರದ ನಾನೂರು ವರ್ಷದಿಂದ ಇದ್ದದ್ದೇ ಅಲ್ಲವಾ? ಅದನ್ನು ನಾವು ಎಲ್ಲಿ ಕಳೆದುಕೊಂಡೆವು?

ನಿಕಾಹ್ ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಗಂಡಸರು ಮಸೀದಿಯಲ್ಲೋ ಶಾಮಿಯಾನದ ಕೆಳಗೋ ಕೂತಿರುತ್ತಾರೆ. ಹುಡುಗಿ ಒಳಗೆ ಹೆಂಗಸರ ನಡುವೆ. ಹುಡುಗಿಯ ಕಡೆಯ ಒಬ್ಬ ಹಿರಿಯ ವಕೀಲನಾಗಿ, ಇಬ್ಬರು ಗವಾಹ್, ಅಂದರೆ ಸಾಕ್ಷಿಗಳು, ಅವನ ಜೊತೆಯಾಗಿ ಒಳಗೆ ಬರುತ್ತಾರೆ. ಇಂಥ ಊರಿನ ಇಂಥವರ ಮಗನಿಗೆ, ಇಷ್ಟು ಮೆಹರಿಗೆ ನಿನ್ನನ್ನು ನಿಕಾಹ್ ಮಾಡಿಕೊಡಲು ಒಪ್ಪಿಗೆಯಾ ಅಂತ ಕೇಳುತ್ತಾರೆ. ಒಂದು ಸಲ ಅಲ್ಲ, ಮೂರು ಸಲ. ಅವಳು ಒಪ್ಪಿದಳು ಅಂತ ಹೊರಗೆ ಹೋಗಿ ಹೇಳಿದ ಮೇಲೆಯೇ ಹುಡುಗನ ಮುಂದೆ ಖಾಜಿ ಬಾಯಿ ಬಿಡುವುದು.

ಎಷ್ಟು ಚಂದದ ಪದ್ಧತಿ ನೋಡಿ. ಹೆಣ್ಣಿನ ಬಾಯಿಂದ ಮಾತು ಹೊರಡದೆ ಇಡೀ ಶಾಮಿಯಾನ ಕಾಯಬೇಕು. ಈಗ ನಾನು ನೋಡಿದ್ದನ್ನು ಹೇಳುತ್ತೇನೆ.

1985. ಜಗಳೂರು ತಾಲೂಕಿನ ನಮ್ಮ ಹಳ್ಳಿ. ನಾವು ಪಿಂಜಾರರು. ನಮ್ಮಪ್ಪ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಗಾದಿ, ದಿಂಬು ತುಂಬಿಕೊಡುತ್ತಿದ್ದ. ಮನೆಮಾತು ಕನ್ನಡ. ಅಪ್ಪ, ಅವ್ವ ಅಂತಲೇ ಕರೆದು ಬೆಳೆದವರು ನಾವು. ಅಕ್ಕನಿಗೆ ಆಗ ಹದಿನಾರು, ನನಗೆ ಹನ್ನೆರಡು. ಹೆಣ್ಣಿಗೆ ಹದಿನೆಂಟು ತುಂಬಬೇಕು ಅಂತ 1978ರಲ್ಲೇ ಕಾನೂನು ತಿದ್ದಿದ್ದರು. ಆ ಕಾನೂನು ನಮ್ಮೂರ ಬಸ್ಸು ಹತ್ತಿರಲಿಲ್ಲ.

ಅಕ್ಕನ ಮನಸ್ಸಿನಲ್ಲಿ ಒಬ್ಬನಿದ್ದ. ನಮ್ಮ ಸೋದರತ್ತೆಯ ಮಗ. ಲಾರಿ ಕ್ಲೀನರು. ಹಬ್ಬಕ್ಕೆ ಬಂದಾಗ ಅವಳಿಗೆ ಅಂತ ಬಳೆ ತಂದು ಎಲ್ಲರಿಗೂ ಹಂಚಿ, ಅವಳದ್ದನ್ನು ಕೊನೆಗೆ ಕೊಡುತ್ತಿದ್ದ. ಅಷ್ಟೇ ಅವರ ಪ್ರೀತಿ. ಧರ್ಮ ಅಡ್ಡ ಇರಲಿಲ್ಲ, ಜಾತಿ ಅಡ್ಡ ಇರಲಿಲ್ಲ, ವಾವೆಯೂ ಕೂಡುತ್ತಿತ್ತು. ಯಾರೂ ಅವಳನ್ನು ಕೇಳಲಿಲ್ಲ, ಅಷ್ಟೇ. ದಾವಣಗೆರೆಯಿಂದ ಸಂಬಂಧ ಬಂತು. ಹುಡುಗ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಮೂರು ಸಾವಿರ ಜೋಡಾ, ಒಂದು ಸೈಕಲ್ಲು, ಒಂದು ಎಚ್‌ಎಂಟಿ ವಾಚು ಅಂತ ಮಾತಾಯಿತು. ಅಪ್ಪ ಇದ್ದ ನಾಲ್ಕು ಆಡು ಮಾರಿ, ಉಳಿದದ್ದಕ್ಕೆ ಸಾಲ ಎತ್ತಿದ.

ನಿಕಾಹ್ ದಿನ ವಕೀಲನಾಗಿ ಬಂದದ್ದು ನಮ್ಮ ಸೋದರಮಾವ. ನಾನು ಅಕ್ಕನ ಮಗ್ಗುಲಿಗೇ ಕೂತಿದ್ದೆ. ಕೆಂಪು ಓಢಣಿಯ ಒಳಗೆ ಅವಳ ಉಸಿರಾಟ ನನಗೆ ಕೇಳುತ್ತಿತ್ತು. ಮಾವ ಮೊದಲನೇ ಸಲ ಕೇಳಿದ. ಅಕ್ಕ ಸುಮ್ಮನಿದ್ದಳು. ಎರಡನೇ ಸಲ ಕೇಳಿದ. ಸುಮ್ಮನಿದ್ದಳು. ಮೂರನೇ ಸಲ ಕೇಳುವಾಗ ಹಿಂದೆ ಕೂತಿದ್ದ ದೊಡ್ಡಮ್ಮ ಅಕ್ಕನ ಕತ್ತಿನ ಮೇಲೆ ಕೈಯಿಟ್ಟು ತಲೆಯನ್ನು ಒಂದು ಸಲ ಮುಂದಕ್ಕೆ ಒತ್ತಿದಳು. "ಹೂಂ ಅಂದ್ಲು, ಹೋಗ್ರಪ್ಪ, ಹೊತ್ತಾಯ್ತು" ಅಂದಳು. ಆ ಹೂಂ ಅಕ್ಕನದಲ್ಲ, ದೊಡ್ಡಮ್ಮನದು. ಮೂವರು ಗಂಡಸರು ಹೊರಗೆ ಹೋಗಿ, ಹುಡುಗಿ ಒಪ್ಪಿದಳು ಅಂತ ದೇವರ ಹೆಸರಲ್ಲಿ ಸಾಕ್ಷಿ ಹೇಳಿದರು.

ದೊಡ್ಡಮ್ಮ ಕೆಟ್ಟವಳಲ್ಲ. ಅವಳ ತಲೆಯನ್ನೂ ಯಾರೋ ಹಾಗೇ ಒತ್ತಿದ್ದರು.

ಕನ್ಯೆಯ ಮೌನವೇ ಅವಳ ಒಪ್ಪಿಗೆ ಅಂತ ಹದೀಸಿನಲ್ಲಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ನಾಚಿಕೆಯಿಂದ ಬಾಯಿ ಬಾರದ ಹುಡುಗಿಗೆ ಕೊಟ್ಟ ರಿಯಾಯಿತಿ ಅದು. ಅದನ್ನು ನಾವು ಬಾಯಿ ಮುಚ್ಚಿಸುವ ಕಾಯಿದೆ ಮಾಡಿಕೊಂಡೆವು. ಅದೇ ಹದೀಸುಗಳಲ್ಲಿ ಇನ್ನೊಂದು ಪ್ರಸಂಗವೂ ಇದೆ. ಅದನ್ನು ಮಿಂಬರಿನ ಮೇಲೆ ನಿಂತು ಹೇಳಿದವರನ್ನು ನಾನು ಕಂಡಿಲ್ಲ. ಒಬ್ಬ ಹುಡುಗಿ ಪ್ರವಾದಿಯವರ ಹತ್ತಿರ ಬಂದು, ನನ್ನ ತಂದೆ ನನ್ನನ್ನು ಕೇಳದೆ ಅವನ ಅಣ್ಣನ ಮಗನಿಗೆ ಮದುವೆ ಮಾಡಿಬಿಟ್ಟ ಅಂತ ದೂರು ಹೇಳುತ್ತಾಳೆ. ಪ್ರವಾದಿಯವರು, ಇರುವುದೂ ಬಿಡುವುದೂ ನಿನ್ನ ಇಷ್ಟ ಅನ್ನುತ್ತಾರೆ. ಆಗ ಆ ಹುಡುಗಿ, ಅಪ್ಪ ಮಾಡಿದ್ದನ್ನು ನಾನು ಒಪ್ಪಿಕೊಂಡೆ, ಆದರೆ ಅಪ್ಪಂದಿರಿಗೆ ಈ ಅಧಿಕಾರ ಇಲ್ಲ ಅನ್ನೋದು ಹೆಂಗಸರಿಗೆಲ್ಲ ಗೊತ್ತಾಗಲಿ ಅಂತ ಬಂದೆ ಅನ್ನುತ್ತಾಳೆ.

ಅವಳ ಹೆಸರೂ ಉಳಿದಿಲ್ಲ. ಆದರೆ ನನಗೆ ಅವಳೇ ಮೊದಲ ಬಂಡಾಯಗಾರ್ತಿ. ತನಗಾಗಿ ಮಾತ್ರ ಬಂದವಳಲ್ಲ, ಎಲ್ಲರಿಗಾಗಿ ಬಂದವಳು.

ಇನ್ನು ಜೋಡಾದ ಮಾತು. ಮೆಹರ್ ಅನ್ನೋದು ಗಂಡು ಹೆಣ್ಣಿಗೆ ಕೊಡಬೇಕಾದ ಹಣ. ಅದು ಅವಳ ಸ್ವಂತದ್ದು, ಅವಳಪ್ಪನದೂ ಅಲ್ಲ. ಹೆಂಗಸರಿಗೆ ಮೆಹರನ್ನು ಮನಸಾರೆ ಕೊಡಿ ಅಂತ ಕುರಾನೇ ಹೇಳುತ್ತೆ. ಹಣ ಹರಿಯಬೇಕಾದದ್ದು ಈ ಕಡೆಗೆ. ನಾವು ಹೊಳೆಯನ್ನೇ ತಿರುಗಿಸಿದೆವು. ಜೋಡಾ, ಜಹೇಜ್, ಲೇನ್‌ದೇನ್ ಅಂತ ನೂರು ಹೆಸರಿಟ್ಟೆವು. ಈಗಿನ ಓದಿದವರು ಇನ್ನೂ ನಾಜೂಕು. "ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಏನು ಕೊಡ್ತೀರೋ ನಿಮ್ಮ ಖುಷಿ" ಅನ್ನುತ್ತಾರೆ. ಆ ಖುಷಿಗೆ ಎಷ್ಟು ಜನ ಅಪ್ಪಂದಿರು ಜಮೀನು ಕಳೆದುಕೊಂಡಿದ್ದಾರೆ ಅಂತ ನಮ್ಮ ಓಣಿಗೆ ಬಂದು ಕೇಳಿ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಮುಸ್ಲಿಮರ ಮೆಹರನ್ನು ಮಾತ್ರ ವರದಕ್ಷಿಣೆ ಅಲ್ಲ ಅಂತ ಬಿಟ್ಟಿದೆ. ಜೋಡಾವನ್ನು ಬಿಟ್ಟಿಲ್ಲ. ಜೋಡಾ ತಗೊಳ್ಳೋದು ನಮಗೂ ಅಪರಾಧವೇ. ಆದರೆ ಅದನ್ನು ಎಣಿಸಿಕೊಡುವಾಗ ಜಮಾತಿನ ದೊಡ್ಡವರೇ ನಡುವೆ ಕೂತಿರುತ್ತಾರೆ.

ನಮ್ಮ ಭಾವ ಭಟ್ಟಿಯ ಹೊಗೆ ಕುಡಿದು ಕುಡಿದು ಎದೆ ಕೆಟ್ಟು 2016ರಲ್ಲಿ ತೀರಿಕೊಂಡರು. ಒಳ್ಳೆಯ ಮನುಷ್ಯ. ಕೈ ಎತ್ತಿದವರಲ್ಲ. ಅಕ್ಕ ಮೂವತ್ತೊಂದು ವರ್ಷ ಅವರ ಜೊತೆ ಬಾಳಿದಳು, ತಾನೂ ಭಟ್ಟಿಯಲ್ಲಿ ಮಂಡಕ್ಕಿ ಕೇರಿ ಮಕ್ಕಳನ್ನು ಓದಿಸಿದಳು. ಜನಾಜಾ ಎತ್ತುವ ಮೊದಲು ಹೆಂಗಸರೆಲ್ಲ ಅಕ್ಕನನ್ನು ಹೆಣದ ಹತ್ತಿರ ಕರೆತಂದರು. "ಮೆಹರ್ ಮಾಫ್ ಮಾಡಿದೆ ಅನ್ನು" ಅಂದರು. 1985ರಲ್ಲಿ ಬರೆಸಿದ್ದ ಮೆಹರ್ ಐನೂರ ಇಪ್ಪತ್ತೈದು ರೂಪಾಯಿ. ಅಷ್ಟು ವರ್ಷದಲ್ಲಿ ಅದು ಅವಳ ಕೈಗೆ ಬಂದಿರಲಿಲ್ಲ. "ಹೇಳವ್ವ, ಸತ್ತೋರ ತಲೆ ಮೇಲೆ ಸಾಲ ಇರಬಾರದು" ಅಂದರು. ಅಕ್ಕ ಹೇಳಿದಳು.

ಊರು ಅಕ್ಕನ ಬಾಯಿಂದ ಮಾತು ಕೇಳಿದ್ದು ಅವಳ ಜೀವಮಾನದಲ್ಲಿ ಎರಡೇ ಸಲ. ಮದುವೆಯ ದಿನ ಒಮ್ಮೆ, ಗಂಡ ಸತ್ತ ದಿನ ಒಮ್ಮೆ. ಎರಡು ಸಲವೂ ಅವಳು ಏನು ಹೇಳಬೇಕು ಅನ್ನೋದು ಮೊದಲೇ ತೀರ್ಮಾನ ಆಗಿತ್ತು. ಸತ್ತವನ ಸಾಲ ಅಂದರೆ ಅವನ ಆಸ್ತಿಯಲ್ಲಿ ಮೊದಲು ತೀರಿಸಬೇಕಾದದ್ದು, ವಾರಸುದಾರರ ಪಾಲು ಆಮೇಲೆ. ಮೆಹರ್ ಅಂಥ ಸಾಲ. ಅದನ್ನು ಯಾರೂ ಅವಳಿಗೆ ಹೇಳಲಿಲ್ಲ.

ಅವತ್ತು ರಾತ್ರಿ ಅಕ್ಕನ ಕಿರಿಮಗಳು, ಹದಿನೆಂಟು ವರ್ಷದವಳು, ನನ್ನ ಪಕ್ಕ ಮಲಗಿದ್ದಳು. "ಚಿಕ್ಕಮ್ಮ, ಅಷ್ಟು ಜನ ಬಂದಿದ್ರಲ್ಲ, ಐನೂರ ಇಪ್ಪತ್ತೈದು ರೂಪಾಯಿ ಯಾರ ಹತ್ರಾನೂ ಇರ್ಲಿಲ್ವಾ?" ಅಂತ ಕೇಳಿದಳು.

ಈ ಹುಡುಗಿ ಓದಿದಳು. ಡಿಗ್ರಿ ಮುಗಿಸಿದಳು, ಬಿಎಡ್ ಮಾಡಿದಳು, ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದಳು. ಅವಳ ಕಾಲದ ಮದುವೆಗಳೇ ಬೇರೆ. ಸಂಬಂಧ ತರುವ ಮುದುಕಿಯರ ಜಾಗಕ್ಕೆ ವಾಟ್ಸಾಪ್ ಗ್ರೂಪು ಬಂದಿದೆ. ಹುಡುಗಿಯ ಬಯೋಡೇಟಾ ಅಂಗೈಯಿಂದ ಅಂಗೈಗೆ ಓಡಾಡುತ್ತೆ. ಎತ್ತರ ಎಷ್ಟು, ಬಣ್ಣ ಏನು, ನಮಾಜು ಮಾಡ್ತಾಳಾ, ಕೆಲಸ ಬಿಡ್ತಾಳಾ. ಅದರ ಕೆಳಗೆ ಒಂದು ಸಾಲು: ಸೈಯದ್, ಶೇಖ್ ಮಾತ್ರ. ಯಂತ್ರ ಹೊಸದು, ಒಳಗೆ ಅರೆಯುತ್ತಿರೋದು ಹಳೇ ಕಾಳು.

ಅವಳು ಒಬ್ಬ ಹುಡುಗನನ್ನು ಮೆಚ್ಚಿದಳು. ಅದೇ ಶಾಲೆಯ ಗಣಿತದ ಮೇಷ್ಟ್ರು. ಮುಸ್ಲಿಮನೇ. ಮೊದಲು ಮಾತೆತ್ತಿದವಳು ಇವಳೇ. ಇದಕ್ಕೆ ಕಣ್ಣು ಕೆಂಪು ಮಾಡಿದವರಿಗೆ ನಾನು ಕೇಳಿದ್ದು ಒಂದೇ: ಪ್ರವಾದಿಯವರಿಗೆ ಮೊದಲು ಮದುವೆಯ ಮಾತು ಕಳಿಸಿದವರು ಖದೀಜಾ ಅವರೇ ಅಲ್ಲವಾ? ವಿಧವೆ, ವ್ಯಾಪಾರ ಮಾಡುವ ಹೆಂಗಸು, ತನಗೆ ಬೇಕಾದವರನ್ನು ತಾನೇ ಆರಿಸಿಕೊಂಡರು.

ಆದರೆ ಹುಡುಗ ಸೈಯದರ ಮನೆಯವನು. ಅವನ ತಾಯಿ ಅಂದದ್ದು, "ಪಿಂಜಾರಾಂ ಕಿ ಬೇಟಿ ನಕ್ಕೊ." ಪಿಂಜಾರರ ಮಗಳು ಬೇಡ. ಅವರಿಗೆ ಉರ್ದು ಬರಲ್ಲ, ಪೀರಲ ಹಬ್ಬದಲ್ಲಿ ಬೆಂಕಿ ತುಳಿಯೋರು, ಅರ್ಧ ಹಿಂದೂಗಳು. ಒಂದೇ ಸಾಲಿನಲ್ಲಿ ನಿಂತು ನಮಾಜು ಮಾಡಬಹುದು, ಒಂದೇ ತಟ್ಟೆಯಲ್ಲಿ ಬಿರಿಯಾನಿ ತಿನ್ನಬಹುದು, ಹೆಣ್ಣು ತರೋದು ಮಾತ್ರ ಆಗದು.

ಅವರ ಕಡೆಯ ಒಬ್ಬ ಹಜರತ್ ನಮಗೆ ತಿಳಿ ಹೇಳೋಕೆ ಬಂದರು. "ನಮ್ಮಲ್ಲಿ ಜಾತಿ ಇಲ್ಲ, ಇದು ಕುಫು" ಅಂದರು. ಕುಫು ಅಂದರೆ ಸಮಾನತೆ, ಗಂಡು ಹೆಣ್ಣು ಸರಿಜೋಡಿ ಆಗಿರಬೇಕು ಅನ್ನೋ ನಿಯಮ. ಹನಫಿ ಫಿಕಹಿನ ಹಳೆಯ ಪುಸ್ತಕಗಳಲ್ಲಿ ವಂಶ, ಕಸುಬು ಎಲ್ಲ ಅದರ ಲೆಕ್ಕಕ್ಕೆ ಬರುತ್ತೆ. ನೇಕಾರ, ಕ್ಷೌರಿಕ, ಚರ್ಮ ಹದ ಮಾಡುವವ ಕೆಳಗೆ, ವ್ಯಾಪಾರಿ ಮೇಲೆ. ನಾನು ಹೇಳಿದೆ: "ಹಜರತ್, ಆ ಲೆಕ್ಕದಲ್ಲೂ ಕೇಳೋದು ಗಂಡು ಹೆಣ್ಣಿಗೆ ಸಮನಾ ಅಂತ. ಹೆಣ್ಣಿನ ಮನೆಯವರ ಮರ್ಯಾದೆ ಕಾಯೋಕೆ ಮಾಡಿದ ನಿಯಮ ಅದು. ಮೇಲಿನ ಮನೆ ಗಂಡು ನಮ್ಮ ಹುಡುಗಿಯನ್ನು ಕಟ್ಟಿಕೊಂಡರೆ ನಿಮ್ಮ ಪುಸ್ತಕಕ್ಕೆ ಏನು ತೊಂದರೆ?" ಅವರು ಚಹಾ ಕುಡಿದು ಎದ್ದರು.

ಜಾತಿ ಅನ್ನಬೇಡಿ ಅಂದರೆ ನಾನು ಒಪ್ಪುವುದಿಲ್ಲ. ಅಂಬೇಡ್ಕರ್ 1940ರಲ್ಲಿ ಪ್ರಕಟಿಸಿದ ಪಾಕಿಸ್ತಾನ ಕುರಿತ ಗ್ರಂಥದಲ್ಲಿ ಬಂಗಾಳದ 1901ರ ಜನಗಣತಿಯನ್ನು ಮುಂದಿಟ್ಟು, ಮುಸ್ಲಿಮರ ಒಳಗಿನ ಅಶ್ರಫ್, ಅಜ್ಲಫ್, ಅರ್ಜಲ್ ಎಂಬ ಮೆಟ್ಟಿಲುಗಳನ್ನು ತೋರಿಸಿದ್ದರು. ನಮ್ಮ ಸರ್ಕಾರದ ಹಿಂದುಳಿದವರ ಪಟ್ಟಿಯಲ್ಲಿ ಪಿಂಜಾರ, ನದಾಫರು ಪ್ರವರ್ಗ ಒಂದರಲ್ಲಿ ಇದ್ದಾರೆ. ಸರ್ಕಾರದ ಕಾಗದಕ್ಕೆ ಕಂಡದ್ದು ನಮ್ಮ ಜಮಾತಿಗೆ ಕಾಣುವುದಿಲ್ಲ. ಜೊತೆಯಲ್ಲಿ ಉಂಡರೆ ಜಾತಿ ಸಾಯದು, ರಕ್ತ ಬೆರೆತರೆ ಸಾಯುತ್ತೆ ಅನ್ನೋದು ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶದ ಬಗ್ಗೆ ಬರೆದದ್ದರ ತಿರುಳು. ನಮ್ಮ ಒಂದೇ ತಟ್ಟೆಯ ಬಿರಿಯಾನಿಯೇ ಅದಕ್ಕೆ ಸಾಕ್ಷಿ.

ಆರು ತಿಂಗಳಾದ ಮೇಲೆ ಹುಡುಗನ ಕಡೆಯವರು ಇಳಿದು ಬಂದರು. ಮೂರು ಲಕ್ಷ ಜೋಡಾ, ಒಂದು ಬುಲೆಟ್ ಗಾಡಿ, ಶಾದಿ ಮಹಲಿನ ಖರ್ಚು ನಮ್ಮದು ಅಂದರೆ ಒಪ್ಪಿಗೆ. ಅಕ್ಕ ಆಸೆಗೆ ಬಿದ್ದಳು, ಮಗಳು ಇಷ್ಟಪಟ್ಟವನು ಸಿಗುತ್ತಾನಲ್ಲ ಅಂತ. ಭಟ್ಟಿಯ ಓನರ್ ಹತ್ತಿರ ಮುಂಗಡ ಕೇಳೋಕೆ ಹೊರಟಳು. ಹುಡುಗಿ ಬಾಗಿಲಿಗೆ ಅಡ್ಡ ನಿಂತಳು. "ಪಿಂಜಾರಳನ್ನ ಸೈಯದ್ ಮಾಡೋಕೆ ಮೂರು ಲಕ್ಷ ಸಾಕಾ? ಹಂಗಾದ್ರೆ ಅವರ ಸೈಯದ್‌ತನದ ರೇಟು ಅಷ್ಟೇನಾ?" ಅಂದಳು. ಆ ಹುಡುಗನಿಗೂ ನೇರ ಹೇಳಿದಳು: "ನಾನು ಒಪ್ಪಿದ್ದು ನಿನ್ನನ್ನ. ಜೋಡಾ ಬೇಡ ಅನ್ನೋ ಮಾತು ನಿನ್ನ ಬಾಯಿಂದ ಬರಬೇಕು. ಬರೋವರೆಗೂ ಕಾಯ್ತೀನಿ. ಬರದಿದ್ರೆ ನಿನ್ನ ದಾರಿ ನಿನಗೆ."

ಅವನ ಬಾಯಿಂದ ಆ ಮಾತು ಬರೋಕೆ ಹದಿನಾಲ್ಕು ತಿಂಗಳು ಬೇಕಾಯಿತು. ಸಿನಿಮಾದಲ್ಲಿ ಹಾಗೆ ಆಗುವುದಿಲ್ಲ. ಆ ಹದಿನಾಲ್ಕು ತಿಂಗಳು ಇವಳು ಅದೇ ಸ್ಟಾಫ್ ರೂಮಿನಲ್ಲಿ ಅವನ ಎದುರಿನ ಬೆಂಚಿನಲ್ಲಿ ಕೂತು ಪೇಪರ್ ತಿದ್ದಿದಳು. ಕೊನೆಗೆ ಅವನು ತಾಯಿಗೆ ಹೇಳಿದ, ಒಂದು ಪೈಸೆಯನ್ನೂ ಮುಟ್ಟೋದಿಲ್ಲ ಅಂತ.

2023ರ ಕೊನೆಗೆ ನಮ್ಮ ಮನೆಯಲ್ಲೇ ನಿಕಾಹ್ ಆಯಿತು. ಅರವತ್ತು ಸಾವಿರ ಮೆಹರ್, ಅಲ್ಲೇ ಕೈಗೆ ನಗದು. ನಿಕಾಹ್‌ನಾಮೆಯಲ್ಲಿ ಮೂರು ಷರತ್ತು. ಅವಳು ಕೆಲಸ ಬಿಡುವಂತಿಲ್ಲ. ಅವಳ ಸಂಬಳ ಅವಳ ಖಾತೆಗೆ. ಅವನು ಇನ್ನೊಂದು ಮದುವೆಯಾದರೆ ತಲಾಕ್ ತಗೊಳ್ಳುವ ಹಕ್ಕು ಅವಳ ಕೈಗೆ. ಇದಕ್ಕೆ ತಫ್ವೀಜ್ ಅನ್ನುತ್ತಾರೆ. ಹೊಸದೇನಲ್ಲ, ಹಳೆಯ ಫಿಕಹಿನಲ್ಲೇ ಇದೆ, ನಮ್ಮ ಕೋರ್ಟುಗಳೂ ಒಪ್ಪಿವೆ. ಖಾಜಿ ಸಾಹೇಬರು "ಫಾರಂನಲ್ಲಿ ಇದಕ್ಕೆ ಜಾಗ ಇಲ್ಲ" ಅಂದರು. ನಮ್ಮ ಯಜಮಾನರು "ಹಿಂದುಗಡೆ ಖಾಲಿ ಇದೆಯಲ್ಲ, ಬರೀರಿ" ಅಂದರು. ಬರೆದರು. ವಕೀಲ, ಗವಾಹ್ ಒಳಗೆ ಬಂದು ಕೇಳಿದಾಗ ನಮ್ಮ ಹುಡುಗಿ ತಲೆಯೆತ್ತಿ, ಹೊರಗೆ ಕೂತವರಿಗೂ ಕೇಳುವ ಹಾಗೆ "ಒಪ್ಪಿದ್ದೀನಿ" ಅಂದಳು. ಮೂರು ಸಲವೂ ಅಂದಳು. ಒಬ್ಬ ಮುದುಕರು "ಶರಮ್ ಇಲ್ಲ" ಅಂತ ಗೊಣಗಿದರು. ಅಕ್ಕ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಹುಡುಗನ ತಾಯಿ ಬರಲಿಲ್ಲ. ಇವತ್ತಿನವರೆಗೂ ಅಕ್ಕನ ಮನೆಯ ಹೊಸಿಲು ತುಳಿದಿಲ್ಲ.

ಇದನ್ನು ಓದಿ ಪ್ರೀತಿಸಿ ಮದುವೆಯಾಗೋದೇ ಬಿಡುಗಡೆ ಅಂತ ಯಾರೂ ತಿಳಿಯಬೇಡಿ. ನಮ್ಮ ಓಣಿಯಲ್ಲೇ ಓಡಿಹೋಗಿ ಮದುವೆಯಾದ ಹುಡುಗಿಯೊಬ್ಬಳನ್ನು ಅದೇ ಗಂಡ ಮೂರು ವರ್ಷ ಆದ ಮೇಲೆ "ನಿನ್ನಿಂದ ನನಗೆ ಜೋಡಾನೂ ಬರ್ಲಿಲ್ಲ" ಅಂತ ತವರಿಗೆ ಅಟ್ಟಿದ. ನನ್ನದು ಹಿರಿಯರು ನೋಡಿ ಮಾಡಿದ ಮದುವೆ. ಆದರೆ ನೋಡೋಕೆ ಬಂದವರು ಎಲ್ಲರೆದುರು ನನ್ನನ್ನೇ ನೋಡಿ, "ನಿಮಗೆ ಇಷ್ಟ ಇದೆಯಾ? ಇಲ್ಲ ಅಂದ್ರೂ ನನಗೆ ಬೇಜಾರಿಲ್ಲ" ಅಂದರು. ನಾನು ಎಂಟು ದಿನ ಟೈಮು ಕೇಳಿದೆ, ಕೊಟ್ಟರು. ಪ್ರೀತಿಯೋ ಹಿರಿಯರ ಏರ್ಪಾಡೋ ಅನ್ನೋದಲ್ಲ ಜಗಳ. ಹೆಣ್ಣಿನ ಬಾಯಿಂದ ಬಂದ ಮಾತು ಲೆಕ್ಕಕ್ಕೆ ಬರುತ್ತಾ ಇಲ್ಲವಾ, ಬೇಡ ಅನ್ನೋಕೆ ಅವಳಿಗೆ ಜಾಗ ಇದೆಯಾ ಇಲ್ಲವಾ, ಅದು ಜಗಳ. ಬೇಡ ಅನ್ನೋಕೆ ಆಗದವಳ ಹೂಂಗೆ ಏನು ಬೆಲೆ?

ನಮ್ಮ ಮನೆಯ ಕೊಳೆಯನ್ನು ಹೀಗೆ ಬೀದಿಗೆ ತಂದರೆ, ಮುಸ್ಲಿಂ ಹೆಂಗಸರ ಕಣ್ಣೀರು ಒರೆಸೋಕೆ ಅಂತ ಕೇಸರಿ ಶಾಲು ಹಾಕಿಕೊಂಡು ಬರುವವರಿಗೆ ಅನುಕೂಲ ಅಲ್ಲವಾ ಅಂತ ನಮ್ಮ ಕೆಲವು ಗೆಳೆಯರು ಕೇಳುತ್ತಾರೆ. ನನಗೆ ಅವರ ಕಣ್ಣೀರೂ ಗೊತ್ತು. ಒಂದೇ ಉಸಿರಿನ ಮೂರು ತಲಾಕನ್ನು ಸುಪ್ರೀಂ ಕೋರ್ಟು 2017ರಲ್ಲಿ ರದ್ದು ಮಾಡಿತು, 2019ರಲ್ಲಿ ಸರ್ಕಾರ ಅದಕ್ಕೆ ಜೈಲು ಶಿಕ್ಷೆಯ ಕಾನೂನು ತಂದಿತು. ಮೂರು ತಲಾಕಿನ ಮೇಲೆ ಅಷ್ಟು ಸಿಟ್ಟಿದ್ದವರು ಮೂರು ಸಲದ ಒಪ್ಪಿಗೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡುವುದೂ ಇಲ್ಲ. ಅವರ ಮನೆಯ ಹುಡುಗಿ ನಮ್ಮ ಹುಡುಗನನ್ನು ಮೆಚ್ಚಿದರೆ ಅವಳಿಗೆ ಬುದ್ಧಿಯೇ ಇಲ್ಲ ಅನ್ನುವವರು ಅವರು. ಕೇರಳದ ಹಾದಿಯಾಳ ಮದುವೆಯನ್ನು ಹೈಕೋರ್ಟೇ ರದ್ದು ಮಾಡಿತ್ತು. ವಯಸ್ಸಿಗೆ ಬಂದ ಹೆಣ್ಣು ತನ್ನ ಗಂಡನನ್ನು ತಾನೇ ಆರಿಸಿಕೊಳ್ಳಬಹುದು ಅಂತ ಹೇಳಿಸಿಕೊಳ್ಳೋಕೆ ಸುಪ್ರೀಂ ಕೋರ್ಟಿನವರೆಗೆ, 2018ರವರೆಗೆ ಹೋಗಬೇಕಾಯಿತು.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಒಬ್ಬ ದಲಿತ ಹುಡುಗನನ್ನು ಪ್ರೀತಿಸಿ 1954ರ ವಿಶೇಷ ವಿವಾಹ ಕಾಯಿದೆಯಡಿ ಅರ್ಜಿ ಹಾಕಿದಳು. ಆ ಕಾಯಿದೆಯ ಪ್ರಕಾರ ಮೂವತ್ತು ದಿನ ನೋಟೀಸು ಕಚೇರಿಯ ಗೋಡೆಯ ಮೇಲಿರಬೇಕು. ಐದನೇ ದಿನಕ್ಕೆ ಅವಳ ಅಣ್ಣಂದಿರೂ ಬಂದರು, ಮೊಹರಮ್ಮಿಗೆ ನಮ್ಮೂರಲ್ಲಿ ಹಲಗೆ ಬಾರಿಸುವ ಹುಡುಗನ ಕಡೆಯವರೂ ಬಂದರು, ಎರಡಕ್ಕೂ ಸಂಬಂಧವಿಲ್ಲದ ಕೇಸರಿ ಶಾಲಿನವರೂ ಬಂದರು. ಅವಳನ್ನು ಏನು ಬೇಕಮ್ಮ ಅಂತ ಕೇಳಿದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಹೆಣ್ಣಿನ ಬಾಯಿ ಮುಚ್ಚಿಸುವ ವಿಷಯದಲ್ಲಿ ಎಲ್ಲ ಧರ್ಮದವರೂ ಭಾಯಿ ಭಾಯಿ.

ಆದ್ದರಿಂದ ನಮ್ಮ ಮಾತನ್ನು ನಾವೇ ಆಡಬೇಕು. ಸಾರಾ ಅಬೂಬಕ್ಕರ್ ಅವರು ಚಂದ್ರಗಿರಿಯ ತೀರದಲ್ಲಿ ಬರೆದಾಗ ಅವರಿಗೂ ಇದನ್ನೇ ಅಂದಿದ್ದರು, ಮನೆಯ ಮಾತು ಹೊರಗೆ ಹಾಕಿದೆ ಅಂತ. ಅಪ್ಪನ ಹಟಕ್ಕೆ ಮದುವೆಯೂ ಆಗಿ, ಅಪ್ಪನ ಹಟಕ್ಕೆ ತಲಾಕೂ ಆದ ಆ ನಾದಿರಾಳನ್ನು ಕನ್ನಡದ ಹೆಂಗಸರು ತಮ್ಮವಳು ಅಂತ ಅಪ್ಪಿಕೊಂಡರು. ಬಂಡಾಯದಲ್ಲೇ ಬೆಳೆದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಊರಿನವರು ಸನ್ಮಾನಕ್ಕೆ ಹಾರ ತಂದರು. ಹಾರ ಹಾಕಿದವರು ಆ ಕಥೆಗಳಲ್ಲಿರುವ ಹೆಂಗಸರ ಮಾತನ್ನು ತಮ್ಮ ಮನೆಯಲ್ಲಿ ಕೇಳಿಸಿಕೊಂಡರೆ ಅದು ಇನ್ನೂ ದೊಡ್ಡ ಸನ್ಮಾನ.

ಈ ಪತ್ರಿಕೆ ಓದುವವರಲ್ಲಿ ನನ್ನ ಹಾಗೆ ಹಳ್ಳಿ ಶಾಲೆಯ ಮೇಷ್ಟ್ರುಗಳಿದ್ದೀರಿ, ಕಾಲೇಜಿನ ಹುಡುಗ ಹುಡುಗಿಯರಿದ್ದೀರಿ. ನಿಮ್ಮಲ್ಲಿ ನಾನು ಕೇಳೋದು ದೊಡ್ಡ ಕ್ರಾಂತಿ ಅಲ್ಲ. ನಿಮ್ಮ ತರಗತಿಯ ಮುಸ್ಲಿಂ ಹುಡುಗಿಗೆ ನಿಕಾಹ್‌ನಾಮೆ ಅಂದರೆ ಏನು, ಅದರ ಮೇಲೆ ಷರತ್ತು ಬರೆಸಬಹುದು ಅಂತ ಹೇಳಿ. ಮೆಹರ್ ಅವಳದು, ಯಾರ ಹೆಣದ ಮುಂದೆಯೂ ಮಾಫ್ ಮಾಡಬೇಕಿಲ್ಲ ಅಂತ ಹೇಳಿ. ನಮ್ಮ ಹುಡುಗರಿಗೆ, ಜೋಡಾ ತಗೊಂಡವನು ಮದುವೆಯಾದವನಲ್ಲ, ಮಾರಾಟವಾದವನು ಅಂತ ಹೇಳಿ. ವಕೀಲರಾಗಿ, ಗವಾಹ್ ಆಗಿ ಒಳಗೆ ಹೋಗುವ ಹಿರಿಯರೆ, ನಿಮಗೂ ಒಂದು ಮಾತು. ಹುಡುಗಿ ಬಾಯಿ ತೆರೆಯುವವರೆಗೆ ಅಲ್ಲೇ ನಿಲ್ಲಿ. ಹೊರಗೆ ಬಿರಿಯಾನಿ ತಣ್ಣಗಾದರೆ ಆಗಲಿ. ಅವಳು ಬೇಡ ಅಂದರೆ, ಹುಡುಗಿ ಒಪ್ಪಲಿಲ್ಲ ಅಂತ ಹೊರಗೆ ಬಂದು ಹೇಳುವ ಎದೆ ನಿಮಗೆ ಇರಲಿ. ಆ ಎದೆ ಇಲ್ಲದಿದ್ದರೆ ಅವಳನ್ನು ಕೇಳೋಕೆ ಹೋಗಲೇಬೇಡಿ.